ಹಿಟ್ಟು ಚಿಕ್ಕದಾಗಲಿ, ಸಾರು ಗಟ್ಟಿಯಾಗಲಿ

ಬರಗೂರು ಸೀಮೆಯ ತುಂಬು ಸಂಸಾರಕ್ಕೆ ಕಡಿಮೆ ಪಿಷ್ಟದ ಊಟ: ಒಂದು ಸಮೀಕ್ಷೆ

ಶಿರಾ ತಾಲ್ಲೂಕಿನ ಬರಗೂರಿನಲ್ಲಾಗಲಿ, ಆಸುಪಾಸಿನ ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಾಗಲಿ ಸಕ್ಕರೆ ಕಾಯಿಲೆಯ ಮಾತು ಬಾರದ ಮನೆ ಈಗ ಅಪರೂಪ. ಆಸ್ಪತ್ರೆಗೆ ಹೋದವರಿಗೆ ಡಾಕ್ಟರು ಅನ್ನ ಕಡಿಮೆ ಮಾಡಿ ಎನ್ನುತ್ತಾರೆ. ಮೊಬೈಲಿನಲ್ಲಿ ಯಾರೋ ಅನ್ನ, ಮುದ್ದೆ ಎರಡನ್ನೂ ಬಿಡಿ ಎನ್ನುತ್ತಾರೆ. ಮನೆಗೆ ಬಂದರೆ ಅಲ್ಲಿ ಹತ್ತು ಹನ್ನೆರಡು ಜನ, ಒಂದೇ ಒಲೆ, ಒಂದೇ ಪಾತ್ರೆ. ಅಜ್ಜನಿಗೊಂದು, ಮಗನಿಗೊಂದು, ಮೊಮ್ಮಕ್ಕಳಿಗೊಂದು ಎಂದು ಮೂರು ಬಗೆ ಬೇಯಿಸಲು ಸೊಸೆಗೆ ಪುರುಸೊತ್ತೂ ಇಲ್ಲ, ಮನೆಗೆ ಅಷ್ಟು ದುಡ್ಡೂ ಇಲ್ಲ. ಹಾಗಾದರೆ ತುಂಬು ಸಂಸಾರದಲ್ಲಿ ಪಿಷ್ಟ ಕಡಿಮೆ ಇರುವ, ಎಲ್ಲರಿಗೂ ಒಗ್ಗುವ ಅಡುಗೆ ಸಾಧ್ಯವೇ? ಸಾಧ್ಯ. ಹೊಸ ಅಡುಗೆಯನ್ನು ಕಲಿಯುವುದೂ ಬೇಡ. ನಮ್ಮ ಬಸ್ಸಾರು, ಮೊಳಕೆಕಾಳಿನ ಸಾರು, ಸೊಪ್ಪಿನ ಪಲ್ಯಗಳ ಪ್ರಮಾಣವನ್ನು ತಿದ್ದಿಕೊಂಡರೆ ಸಾಕು. ಈ ಮಾತಿಗೆ ಆಧಾರವೇನು, ಅಡ್ಡಿಗಳೇನು ಎಂಬುದನ್ನು ಒಂದೊಂದಾಗಿ ನೋಡೋಣ.

ತಟ್ಟೆಯ ಲೆಕ್ಕ

ಪಿಷ್ಟ ಎಂದರೆ ಇಲ್ಲಿ ಕಾರ್ಬೋಹೈಡ್ರೇಟ್: ದವಸದಲ್ಲಿ, ಸಕ್ಕರೆಯಲ್ಲಿ, ಬೆಲ್ಲದಲ್ಲಿ, ಆಲೂಗಡ್ಡೆಯಲ್ಲಿ ಇರುವುದು, ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸಾಗಿ ರಕ್ತಕ್ಕೆ ಸೇರುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ, ರಾಗಿಯಲ್ಲಿ ಸುಮಾರು 67 ಗ್ರಾಂ. ನಮ್ಮಲ್ಲಿ ಬಹಳ ಜನ ರಾಗಿಯಲ್ಲಿ ಪಿಷ್ಟವೇ ಇಲ್ಲವೇನೋ ಎಂಬಂತೆ ಮಾತಾಡುತ್ತಾರೆ. ಅದು ತಪ್ಪು. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದರಲ್ಲಿ 11 ಗ್ರಾಂ ನಾರು ಇದೆ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ರಾತ್ರಿಯ ಊಟಕ್ಕೆ ಬನ್ನಿ. ನಮ್ಮ ಕಡೆ ಮುದ್ದೆಗೆ ಹಿಟ್ಟು ಎಂದೇ ಹೆಸರು. ಒಂದು ದೊಡ್ಡ ಹಿಟ್ಟಿಗೆ 110 ಗ್ರಾಂ ರಾಗಿ ಹಿಟ್ಟು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ 75 ಗ್ರಾಂ ಅಕ್ಕಿಯ ಅನ್ನ, 20 ಗ್ರಾಂ ಬೇಳೆ ಕಂಡ ತೆಳ್ಳನೆಯ ಸಾರು. ಕೋಷ್ಟಕ ಹಿಡಿದು ಕೂಡಿದರೆ ಒಂದೇ ಹೊತ್ತಿಗೆ 140 ಗ್ರಾಂ ದಾಟಿದ ಪಿಷ್ಟ, ಬರೀ 18 ಗ್ರಾಂ ಪ್ರೋಟೀನ್. ಊಟದ ಶಕ್ತಿಯಲ್ಲಿ ಶೇ 80ಕ್ಕೂ ಹೆಚ್ಚು ಪಿಷ್ಟದಿಂದಲೇ ಬಂದಿದೆ.

ಅದೇ ತಟ್ಟೆಯನ್ನು ಹೀಗೆ ಬದಲಿಸಿ: 60 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ, 60 ಗ್ರಾಂ ಹೆಸರುಕಾಳು, 150 ಗ್ರಾಂ ಸೊಪ್ಪು, 20 ಗ್ರಾಂ ಕಡಲೆಬೀಜ, ಒಗ್ಗರಣೆಗೆ ಒಂದು ಚಮಚ ಎಣ್ಣೆ, ಕೊನೆಗೊಂದು ಲೋಟ ಮಜ್ಜಿಗೆ. ಅನ್ನ ಇಲ್ಲ. ಈಗ ಪಿಷ್ಟ 80 ಗ್ರಾಂ ಒಳಗೆ, ಪ್ರೋಟೀನ್ 29 ಗ್ರಾಂ ಸುತ್ತಮುತ್ತ. ಶಕ್ತಿಯಲ್ಲಿ ಪಿಷ್ಟದ ಪಾಲು ಶೇ 54ರ ಆಸುಪಾಸಿಗೆ ಇಳಿಯಿತು. ನಾರು 16 ಗ್ರಾಂನಿಂದ 25 ಗ್ರಾಂಗೆ ಏರಿತು. ಇದರಲ್ಲಿ ಪೇಟೆಯಿಂದ ತರಿಸಬೇಕಾದ ವಿಶೇಷ ಪದಾರ್ಥ ಒಂದೂ ಇಲ್ಲ.

ಮೂರು ವಾದಗಳು

ಪಿಷ್ಟವನ್ನು ಎಷ್ಟು, ಹೇಗೆ ಇಳಿಸಬೇಕು ಎಂಬ ಪ್ರಶ್ನೆಗೆ ನಮ್ಮ ನಡುವೆ ಮೂರು ಉತ್ತರಗಳು ಓಡಾಡುತ್ತಿವೆ.

ಮೊದಲನೆಯದು ಕೀಟೋ. ದಿನಕ್ಕೆ 50 ಗ್ರಾಂಗಿಂತ ಕಡಿಮೆ ಪಿಷ್ಟ, ಉಳಿದದ್ದೆಲ್ಲ ಕೊಬ್ಬು ಮತ್ತು ಪ್ರೋಟೀನ್. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ರೂಪಿಸಿದ ಪಥ್ಯ ಇದು. ಇದರಿಂದ ಕೆಲವರ ಸಕ್ಕರೆ ಬೇಗ ಇಳಿಯುವುದು ನಿಜ. ಆದರೆ ಮೇಲಿನ ಚಿಕ್ಕ ಮುದ್ದೆಯೊಂದರಲ್ಲೇ 40 ಗ್ರಾಂ ಪಿಷ್ಟವಿದೆ. ಕಾಳಿನಲ್ಲೂ ಪಿಷ್ಟ ಇದೆ. ಹೆಸರುಕಾಳಿನಲ್ಲಿ ನೂರಕ್ಕೆ 46, ಹುರುಳಿಯಲ್ಲಿ 57. ಹೀಗಾಗಿ ಕೀಟೋ ಹಿಡಿದರೆ ಹಿಟ್ಟು, ಕಾಳು ಎರಡೂ ಮನೆಯಿಂದ ಹೊರಗೆ ಹೋಗಬೇಕು. ಹನ್ನೆರಡು ಜನಕ್ಕೆ ದಿನಾ ಪನೀರು, ಬಾದಾಮಿ, ಮಾಂಸ ಎಲ್ಲಿಂದ ತರುವುದು? ತಂದರೂ ಎಷ್ಟು ದಿನ ನಡೆದೀತು? 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ವರ್ಷವಿಡೀ ಗಮನಿಸಿದಾಗ ಪಿಷ್ಟ ಕಡಿಮೆ ಮಾಡಿದವರಿಗೂ ಕೊಬ್ಬು ಕಡಿಮೆ ಮಾಡಿದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲಿ ಶಕ್ತಿಯ ಅರ್ಧದಷ್ಟನ್ನು, ಎಂದರೆ ಶೇ 50ರಿಂದ 55ನ್ನು, ಪಿಷ್ಟದಿಂದ ಪಡೆಯುವವರಲ್ಲೇ ಸಾವಿನ ಪ್ರಮಾಣ ಅತಿ ಕಡಿಮೆ ಇತ್ತು. ತೀರಾ ಹೆಚ್ಚಾದರೂ, ತೀರಾ ಕಡಿಮೆಯಾದರೂ ಅದು ಏರುತ್ತಿತ್ತು.

ಎರಡನೆಯದು ಸಿರಿಧಾನ್ಯ. ನವಣೆ, ಸಾಮೆ, ಹಾರಕ, ಕೊರಲೆ ತಿಂದರೆ ಎಲ್ಲ ಕಾಯಿಲೆಯೂ ಹೋಗುತ್ತದೆ ಎಂಬ ಪ್ರಚಾರ. ಈ ಧಾನ್ಯಗಳು ನಮ್ಮವೇ. ಕೊರಲೆಯಂತೂ ತುಮಕೂರು, ಚಿತ್ರದುರ್ಗ, ಅನಂತಪುರದ ಗಡಿಸೀಮೆ ಬಿಟ್ಟರೆ ಬೇರೆ ಕಡೆ ಅಪರೂಪದ ಬೆಳೆ. ಮಳೆ ಕೈಕೊಟ್ಟ ವರ್ಷವೂ ಏನಾದರೊಂದು ಕೊಟ್ಟು ಹೋಗುವ ದವಸ. 2021ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದ ತಂಡ 65 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಿರುಧಾನ್ಯ ತಿನ್ನುವ ಸಕ್ಕರೆ ಕಾಯಿಲೆಯವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಶೇ 12ರಷ್ಟು, ಊಟದ ನಂತರದ್ದು ಶೇ 15ರಷ್ಟು ತಗ್ಗಿದ್ದು ಕಂಡಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಸಾಮೆಯಲ್ಲೂ ಹಾರಕದಲ್ಲೂ ನೂರಕ್ಕೆ 65 ಗ್ರಾಂ ಪಿಷ್ಟ ಇದ್ದೇ ಇದೆ. ಒಂದು ತಟ್ಟೆ ಅನ್ನದ ಜಾಗದಲ್ಲಿ ಎರಡು ತಟ್ಟೆ ಸಾಮೆ ಅನ್ನ ಉಂಡರೆ ಪ್ರಯೋಜನವಿಲ್ಲ. ಪಾಲಿಶ್ ಮಾಡಿದ ಸಿರಿಧಾನ್ಯದಲ್ಲಿ ನಾರೂ ಉಳಿಯುವುದಿಲ್ಲ.

ಮೂರನೆಯದು ಹಿರಿಯರ ವಾದ: ನಮ್ಮಪ್ಪ ಮೂರು ಹೊತ್ತೂ ಹಿಟ್ಟು ಉಂಡು ಎಂಬತ್ತು ವರ್ಷ ಬಾಳಲಿಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅವರು ಉಂಡ ಹಿಟ್ಟು ಹೊಲದಲ್ಲಿ ಕರಗುತ್ತಿತ್ತು. ನೇಗಿಲು, ಕಪಿಲೆ, ಕಳೆ, ಒಕ್ಕಣೆ, ಮೈಲಿಗಟ್ಟಲೆ ನಡಿಗೆ. ಈಗ ಉಳುಮೆಗೆ ಟ್ರ್ಯಾಕ್ಟರು, ನೀರಿಗೆ ಬೋರ್‌ವೆಲ್ಲು, ಓಡಾಟಕ್ಕೆ ಬೈಕು. ಮೈಯ ಕೆಲಸ ಇಳಿದರೂ ಹಿಟ್ಟಿನ ಗಾತ್ರ ಇಳಿಯಲಿಲ್ಲ, ಅದರ ಮೇಲೆ ದಿನಾ ಅನ್ನವೂ ಬಂತು. ಹಿಂದೆ ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಕಾಣುತ್ತಿದ್ದ ಅನ್ನವಿದು.

ಮೂರೂ ವಾದಗಳ ನಡುವೆ ಒಂದು ದಾರಿಯನ್ನು ನಮ್ಮ ದೇಶದ್ದೇ ಅಧ್ಯಯನ ತೋರಿಸಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನವರು ಐಸಿಎಂಆರ್ ಜೊತೆಗೂಡಿ ನಡೆಸಿದ ರಾಷ್ಟ್ರಮಟ್ಟದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ಶೇ 11.4. ಇನ್ನೂ ಶೇ 15.3 ಜನ ಅದರ ಹೊಸ್ತಿಲಲ್ಲಿದ್ದಾರೆ. ಇದೇ ಸಮೀಕ್ಷೆಯ 18,090 ಜನರ ಊಟದ ವಿವರ ಹಿಡಿದು 2022ರಲ್ಲಿ ಒಂದು ಲೆಕ್ಕ ಹೊರಬಂತು. ಹೊಸದಾಗಿ ಕಾಯಿಲೆ ಪತ್ತೆಯಾದವರಲ್ಲಿ ಅದು ಹಿಂದಕ್ಕೆ ಸರಿಯಬೇಕಾದರೆ ಪಿಷ್ಟದ ಪಾಲು ಶೇ 49–54ರ ಮಟ್ಟಕ್ಕೆ ಇಳಿಯಬೇಕು, ಪ್ರೋಟೀನ್ ಶೇ 19–20ರ ಮಟ್ಟಕ್ಕೆ ಏರಬೇಕು. ಪಿಷ್ಟವನ್ನು ಪೂರಾ ಬಿಡಿ ಎಂದು ಅವರು ಹೇಳಲಿಲ್ಲ. ಸ್ವಲ್ಪ ತೆಗೆದು, ಅಲ್ಲಿಗೆ ಕಾಳು ತುಂಬಿ ಎಂಬುದು ಅದರ ತಿರುಳು. 2024ರಲ್ಲಿ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ದವಸದಿಂದ ಬರುವ ಶಕ್ತಿ ಶೇ 45 ಮೀರಬಾರದು. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ದವಸ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಎಣ್ಣೆಬೀಜ 35 ಗ್ರಾಂ, ಹಾಲು 300 ಮಿಲಿಲೀಟರ್, ಎಣ್ಣೆ 27 ಗ್ರಾಂ ಸಾಕು.

ಹನ್ನೆರಡು ಜನಕ್ಕೆ ಬಸ್ಸಾರು

ಈ ಅಂಕಿಗಳು ಒಲೆಯ ಮುಂದೆ ಹೇಗೆ ಬಾಳುತ್ತವೆ ಎಂದು ತಿಳಿಯಲು ಬಸ್ಸಾರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಒಂದೇ ಪಾತ್ರೆಯಲ್ಲಿ ಬೆಂದದ್ದು ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ.

ಮುಕ್ಕಾಲು ಕಿಲೋ ಹೆಸರುಕಾಳು ಅಥವಾ ಅಲಸಂದೆ ರಾತ್ರಿಯೇ ನೆನೆಹಾಕಿ. ದಂಟು, ಕಿರಕಸಾಲೆ, ಅಣ್ಣೆ, ಸಬ್ಬಸಿಗೆ, ಹೀಗೆ ಸಿಕ್ಕ ಬೆರಕೆ ಸೊಪ್ಪು ಎರಡು ಕಿಲೋದಷ್ಟು ಸೋಸಿ, ತೊಳೆದು, ಹೆಚ್ಚಿಡಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಕಾಳು ಹಾಕಿ. ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು. ಸೊಪ್ಪು ಬೆಂದ ಕೂಡಲೇ ಕಟ್ಟು ಬಸಿದುಕೊಳ್ಳಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಜೀರಿಗೆ, ಕೊತ್ತಂಬರಿ ಬೀಜ ಹುರಿದು, ಹುಣಸೆಹಣ್ಣು, ಒಂದಿಷ್ಟು ತೆಂಗಿನಕಾಯಿ ಸೇರಿಸಿ ರುಬ್ಬಿ. ರುಬ್ಬುವಾಗ ಬೆಂದ ಕಾಳುಸೊಪ್ಪನ್ನು ಎಲ್ಲರೂ ಒಂದು ಹಿಡಿ ಹಾಕುತ್ತಾರೆ, ನೀವು ಮೂರು ಸೌಟು ಹಾಕಿ. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ ಕುದಿಸಿದರೆ ಅದೇ ಕಟ್ಟಿಗೆ ಸಾರು ಗಟ್ಟಿಯಾಗುತ್ತದೆ, ಕುಡಿದವರ ಹೊಟ್ಟೆಗೆ ಬರೀ ನೀರು ಹೋಗುವುದಿಲ್ಲ. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಕಾಲು ಕಿಲೋ ಕಡಲೆಬೀಜ ಹುರಿದು ತರಿತರಿಯಾಗಿ ಕುಟ್ಟಿ ಮೇಲೆ ಬೆರೆಸಿ.

ಇಲ್ಲಿಯ ತನಕ ಎಲ್ಲ ಮನೆಯ ಬಸ್ಸಾರೇ. ಬದಲಾಗಬೇಕಾದ್ದು ಬಡಿಸುವ ರೀತಿ. ನಮ್ಮಲ್ಲಿ ಪಲ್ಯ ನಂಚಿಕೊಳ್ಳುವುದಕ್ಕೆಂದು ತಟ್ಟೆಯ ಮೂಲೆಯಲ್ಲಿ ಒಂದು ಚಮಚದಷ್ಟು ಕೂರುತ್ತದೆ. ಅದು ತುಂಬಿದ ಬಟ್ಟಲಾಗಿ ಬರಬೇಕು, ಮೊದಲು ಬರಬೇಕು. ಅರ್ಧ ಪಲ್ಯ ತಿಂದ ಮೇಲೆ ಹಿಟ್ಟಿಗೆ ಕೈ ಹಾಕಬೇಕು. ಸೊಪ್ಪು, ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ ಎಂದು 2015ರಲ್ಲಿ ನ್ಯೂಯಾರ್ಕಿನ ವೈದ್ಯರು ಸಣ್ಣ ಅಧ್ಯಯನವೊಂದರಲ್ಲಿ ಕಂಡುಕೊಂಡರು. ಎಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ನಮ್ಮಲ್ಲೇ ಇದೆ. ಅದನ್ನು ದಿನದ ಊಟಕ್ಕೂ ತಂದುಕೊಂಡರಾಯಿತು.

ಹಿಟ್ಟಿಗೆ ರಾಗಿಯನ್ನು ಮಿಲ್ಲಿನಲ್ಲಿ ಬೀಸಿಸಿ ತಂದ ಮೇಲೆ ಜರಡಿ ಹಿಡಿದು ತೌಡು ಚೆಲ್ಲಬೇಡಿ, ನಾರೆಲ್ಲ ಅದರಲ್ಲೇ ಇದೆ. ಹನ್ನೆರಡು ಚಿಕ್ಕ ಮುದ್ದೆಗೆ ಸುಮಾರು 720 ಗ್ರಾಂ ಹಿಟ್ಟು, ಒಂದೂವರೆ ಲೀಟರು ಎಸರು. ಒಮ್ಮೆ ತೂಗಿ ಮನೆಯ ಯಾವುದೋ ಒಂದು ಲೋಟಕ್ಕೆ ಆ ಅಳತೆ ಹೊಂದಿಸಿಕೊಂಡರೆ ಆಮೇಲೆ ತಕ್ಕಡಿ ಬೇಕಿಲ್ಲ.

ವಾರದ ಉಳಿದ ದಿನಗಳಿಗೂ ಇದೇ ಸೂತ್ರ. ಮೊಳಕೆ ಕಟ್ಟಿದ ಹುರುಳಿಕಾಳಿನ ಸಾರು, ಮಸ್ಸೊಪ್ಪು, ಅಲಸಂದೆ ಬದನೆಕಾಯಿ, ಚಳಿಗಾಲದಲ್ಲಿ ಅವರೆಕಾಯಿ, ಹಿತಕಿದ ಬೇಳೆ. ಬಾಡು ತಂದ ದಿನ ಒಂದು ಕಿಲೋ ಮಾಂಸ ಹನ್ನೆರಡು ಜನಕ್ಕೆ ಸಾಲದೆ ಉದಕ ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುವಂತಾಗುತ್ತದೆ. ಅಂದು ಸಾರಿಗೆ ಅವರೆಕಾಳೋ ಕಡಲೆಕಾಳೋ ಸೇರಿಸಿ. ಕೋಳಿಮೊಟ್ಟೆ ಒಂದಕ್ಕೆ ಆರೇಳು ಗ್ರಾಂ ಪ್ರೋಟೀನ್, ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ತಿನ್ನುವ ಮನೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಬೆಳಗಿನ ತಿಂಡಿಯೇ ನಮ್ಮ ದುರ್ಬಲ ಜಾಗ. ಚಿತ್ರಾನ್ನ, ಉಪ್ಪಿಟ್ಟು, ಪುರಿ ಒಗ್ಗರಣೆ, ಎಲ್ಲ ಬರೀ ಪಿಷ್ಟ. ಅದರ ಬದಲು ಪಾವಗಡದ ತೆಲುಗು ಮನೆಗಳಿಗೆ ಚೆನ್ನಾಗಿ ಗೊತ್ತಿರುವ ಹೆಸರುಕಾಳಿನ ದೋಸೆ, ಕಡಲೆಕಾಳಿನ ಉಸಲಿ, ಹಿಟ್ಟಿನಷ್ಟೇ ನುಗ್ಗೆಸೊಪ್ಪು, ಈರುಳ್ಳಿ ಕಲಸಿ ತಟ್ಟಿದ ರಾಗಿ ರೊಟ್ಟಿ. ಸಂಜೆ ಬಿಸ್ಕತ್ತಿನ ಜಾಗಕ್ಕೆ ಬೇಯಿಸಿದ ಕಡಲೆಕಾಯಿ. ಟೀ ಕಾಫಿಯ ಕಡೆಗೂ ಕಣ್ಣಿರಲಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ 40 ಗ್ರಾಂ ಸಕ್ಕರೆ. ಒಂದು ಚಿಕ್ಕ ಮುದ್ದೆಯ ಪಿಷ್ಟವೆಲ್ಲ ಆ ಲೋಟಗಳಲ್ಲೇ ಹೋಯಿತು, ನಾರು, ಸುಣ್ಣದಂಶ ಯಾವುದೂ ಬರಲಿಲ್ಲ.

ಒಂದೇ ಒಲೆ, ಬೇರೆ ಬೇರೆ ಹೊಟ್ಟೆ

ತುಂಬು ಸಂಸಾರದಲ್ಲಿ ಎಲ್ಲರಿಗೂ ಒಂದೇ ಪ್ರಮಾಣ ನ್ಯಾಯವಲ್ಲ. ಸಾರು ಪಲ್ಯ ಎಲ್ಲರಿಗೂ ಒಂದೇ ಇರಲಿ, ಹಿಟ್ಟಿನ ಗಾತ್ರ ಮಾತ್ರ ಆಳಿಗೆ ತಕ್ಕಂತೆ ಬದಲಾಗಲಿ. ದಿನವಿಡೀ ಕಟ್ಟಡದ ಕೆಲಸಕ್ಕೋ ಕಡಲೆಕಾಯಿ ಕೀಳುವುದಕ್ಕೋ ಹೋಗುವವರಿಗೆ ದೊಡ್ಡ ಹಿಟ್ಟೇ ಬೇಕು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಪಿಷ್ಟ ಕಡಿತದ ಪಥ್ಯ ಸಲ್ಲದು. ಅವರಿಗೆ ಕಾಳು, ಹಾಲು, ಮೊಟ್ಟೆ ಕೂಡಲಿ, ಹಿಟ್ಟು ಕಳೆಯುವುದು ಬೇಡ. ಕೂತು ಕೆಲಸ ಮಾಡುವವರಿಗೆ, ಸಕ್ಕರೆ ಇರುವವರಿಗೆ ಚಿಕ್ಕದು. ಮುದ್ದೆ ಕಟ್ಟುವ ಕೈಗೆ ಇದೇನೂ ಹೊಸ ಕೆಲಸವಲ್ಲ.

ಒಂದು ಎಚ್ಚರ ಮಾತ್ರ ಖಡಾಖಂಡಿತ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರು ಊಟದ ಪಿಷ್ಟವನ್ನು ಒಮ್ಮೆಲೇ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ಬಗೆಯ ಗುಳಿಗೆ ತಿನ್ನುವವರು ಕೀಟೋ ಹಿಡಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರೋಟೀನಿಗೂ ಮಿತಿ ಇದೆ. ಇಂಥವರು ಮೊದಲು ಡಾಕ್ಟರನ್ನು ಕೇಳಿ, ಗುಳಿಗೆಯ ಪ್ರಮಾಣ ಸರಿ ಮಾಡಿಸಿಕೊಂಡು, ಆಮೇಲೆ ತಟ್ಟೆ ಬದಲಿಸಬೇಕು.

ರೇಷನ್ನು, ಹೊಲ, ಕಾಸು

ಇಷ್ಟು ಸರಳವಾಗಿದ್ದರೆ ಜನ ಯಾಕೆ ಹೀಗೆ ಉಣ್ಣುತ್ತಿಲ್ಲ? ಮುಖ್ಯ ಕಾರಣ ದುಡ್ಡು. ಅಕ್ಕಿ ಪುಕ್ಕಟೆ ಬರುತ್ತದೆ, ಕಾಳು ಕೊಳ್ಳಬೇಕು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಈ ಬರದ ಸೀಮೆಯಲ್ಲಿ ಹಸಿವನ್ನು ಹಿಂದೆ ಸರಿಸಿದ ಯೋಜನೆ. ಅದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಲೆಕ್ಕ ಒಂದಿದೆ. 2025ರ ಫೆಬ್ರುವರಿಯಿಂದ ತಲೆಗೆ ತಿಂಗಳಿಗೆ 10 ಕಿಲೋ ಅಕ್ಕಿ ಎಂದಾಯಿತು. ದಿನಕ್ಕೆ ಅದು 333 ಗ್ರಾಂ. ಎಲ್ಲ ದವಸ ಸೇರಿ 250 ಗ್ರಾಂ ಸಾಕು ಎನ್ನುವ ಮಾರ್ಗಸೂಚಿಯನ್ನು ಅಕ್ಕಿಯೊಂದೇ ದಾಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ ಮುಂತಾದವುಗಳ ಕಿಟ್ ಕೊಡಲು ಒಪ್ಪಿತು. ಬೇಳೆಯ ಕಡೆ ತಿರುಗಿದ ಆ ಹೆಜ್ಜೆ ಸರಿಯಾದದ್ದು. ಅದರಲ್ಲಿ ಸಕ್ಕರೆಯ ಬದಲು ಹುರುಳಿ, ಅವರೆ, ಅಲಸಂದೆಯಂಥ ಸ್ಥಳೀಯ ಕಾಳು ಬಂದರೆ ಇನ್ನೂ ಮೇಲು.

ಇನ್ನೊಂದು ಕಾರಣ ಹೊಲದಲ್ಲಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಖುಷ್ಕಿ ಭೂಮಿಯಲ್ಲಿ ಹಿಂದೆ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು ಇರುತ್ತಿತ್ತು. ಹಿಟ್ಟಿಗೆ ಬೇಕಾದದ್ದೂ ಸಾರಿಗೆ ಬೇಕಾದದ್ದೂ ಒಂದೇ ಹೊಲದಿಂದ ಮನೆಗೆ ಬರುತ್ತಿತ್ತು. ಆಮೇಲೆ ಕಡಲೆಕಾಯಿ ಒಂದೇ ಬೆಳೆಯಾಗಿ ಹರಡಿತು, ನೀರು ಸಿಕ್ಕ ಕಡೆ ಅಡಿಕೆ ಬಂತು. ಅಕ್ಕಡಿ ಹೋದ ಮೇಲೆ ಕಾಳಿಗೆ ಅಂಗಡಿಯೇ ಗತಿ. ಅಂಗಡಿಯಲ್ಲಿ ಬೆಲೆ ಏರಿದಷ್ಟೂ ಸಾರು ತೆಳ್ಳಗಾಯಿತು. ಒಂದೆಕರೆ ರಾಗಿ ಬಿತ್ತುವವರು ನಾಲ್ಕು ಸಾಲು ಅವರೆ, ತೊಗರಿ ಹಾಕಿಕೊಂಡರೆ, ಹಿತ್ತಿಲಲ್ಲಿ ಎರಡು ನುಗ್ಗೆಮರ ಇದ್ದರೆ, ಅಂಗಡಿಯ ಖರ್ಚು ಬಹಳಷ್ಟು ಇಳಿಯುತ್ತದೆ. ನುಗ್ಗೆಸೊಪ್ಪಿಗೆ ಕಾಸಿಲ್ಲ. ನೂರು ಗ್ರಾಂನಲ್ಲಿ 6 ಗ್ರಾಂ ಪ್ರೋಟೀನ್, 300 ಮಿಲಿಗ್ರಾಂ ದಾಟಿದ ಸುಣ್ಣದಂಶ ಇದೆ.

ಕೊನೆಗೆ ಉಣ್ಣುವವರು

ದೊಡ್ಡ ಸಂಸಾರದ ಊಟವನ್ನು ಕುರಿತು ಮಾತಾಡುವಾಗ ಒಂದು ಸಂಗತಿಯನ್ನು ಬಿಟ್ಟರೆ ಅದು ಅರ್ಧ ಸತ್ಯ. ಬಹಳ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ಹೆಂಗಸರು ಕೂರುತ್ತಾರೆ. ಅಷ್ಟು ಹೊತ್ತಿಗೆ ಪಾತ್ರೆಯ ಕಾಳು ಖಾಲಿ, ಪಲ್ಯ ಖಾಲಿ. ಉಳಿಯುವುದು ಹಿಟ್ಟು, ತಿಳಿಸಾರು, ಅನ್ನ. ಎಲ್ಲರಿಗೂ ಗಟ್ಟಿಸಾರು ಬೇಯಿಸಿದವಳ ತಟ್ಟೆಯಲ್ಲೇ ಅತಿ ಹೆಚ್ಚು ಪಿಷ್ಟ, ಅತಿ ಕಡಿಮೆ ಪ್ರೋಟೀನ್. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48 ಜನಕ್ಕೆ ರಕ್ತಹೀನತೆ ಇದೆ. ಇದಕ್ಕೆ ಕಾರಣ ಹಲವು, ಆದರೆ ಕೊನೆಯ ಪಂಕ್ತಿಯ ಖಾಲಿ ಪಾತ್ರೆ ಅದರಲ್ಲಿ ಒಂದು. ಊಟಕ್ಕೆ ಕೂರುವ ಮೊದಲೇ ಮನೆಯವರೆಷ್ಟೋ ಅಷ್ಟು ಬಟ್ಟಲಿಗೆ ಪಲ್ಯ ಪಾಲು ಮಾಡಿ ಇಡುವುದು ಇದಕ್ಕೆ ನೇರ ಪರಿಹಾರ. ಎಲ್ಲರೂ ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು. ಸೊಪ್ಪು ಸೋಸುವ, ಕಾಳು ಹಸನು ಮಾಡುವ ಕೆಲಸಕ್ಕೂ ಗಂಡಸರ ಕೈ ಸೇರಬೇಕು. ಎರಡು ಕಿಲೋ ಸೊಪ್ಪು ಒಬ್ಬಳೇ ಸೋಸುವುದಾದರೆ ಈ ಪದ್ಧತಿ ಒಂದು ವಾರವೂ ಉಳಿಯುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ ಕೀಟೋ ನಮ್ಮ ಹೊಲಕ್ಕೂ ಒಗ್ಗದು, ಕಾಸಿಗೂ ಒಗ್ಗದು. ಸಿರಿಧಾನ್ಯ ಒಳ್ಳೆಯದು, ಆದರೆ ಅದೊಂದೇ ಔಷಧವಲ್ಲ. ಹಿರಿಯರ ಊಟ ಸರಿಯಾಗಿಯೇ ಇತ್ತು, ನಮ್ಮ ದುಡಿಮೆ ಬದಲಾದದ್ದರಿಂದ ಅದರ ಅಳತೆ ಬದಲಾಗಬೇಕಾಗಿದೆ. ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ: ನಾಳೆಯಿಂದಲೇ ಎಲ್ಲ ಬದಲಿಸಬೇಡಿ. ಮೊದಲ ತಿಂಗಳು ರಾತ್ರಿಯ ಅನ್ನ ಬಿಡಿ, ಅನ್ನ ಉಳಿಸಿದ ಜಾಗಕ್ಕೆ ಒಂದು ಬಟ್ಟಲು ಕಾಳುಪಲ್ಯ ತನ್ನಿ. ಎರಡನೇ ತಿಂಗಳು ಹಿಟ್ಟನ್ನು ಚಿಕ್ಕದು ಮಾಡಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ ಮಾಡಿಸಿ. ಬದಲಾವಣೆ ಫಲಿಸಿದೆಯೋ ಇಲ್ಲವೋ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.